ರೆಪ್ಪೆಗೂದಲಿನ ಬ್ರಷ್ ಆಯಾ ಮುಖದಿಂದಲೇ ಹುಟ್ಟಬೇಕು

ಸಂಪಾದಕರಿಗೆ,

ಮಾನ್ಯರೇ,

ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಫೋಟೊ ಸ್ಟುಡಿಯೊ ನಡೆಸುತ್ತಿರುವ ನಾನು, ಮದುವೆ ಆಲ್ಬಮ್‌ಗಳಲ್ಲೂ ಗೋಡೆಗೆ ಹಾಕುವ ಭಾವಚಿತ್ರಗಳಲ್ಲೂ ಈಚೆಗೆ ತೀರ ಸಾಮಾನ್ಯವಾಗಿಬಿಟ್ಟಿರುವ ಒಂದು ತಪ್ಪಿನ ಕಡೆಗೆ ನಮ್ಮ ವೃತ್ತಿಯವರ ಹಾಗೂ ಗ್ರಾಹಕರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಫೋಟೊಶಾಪ್‌ನಂಥ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕಣ್ಣಿನ ರೆಪ್ಪೆಗೂದಲನ್ನು ತಿದ್ದುವಾಗ, ಅಂತರ್ಜಾಲದಿಂದ ಇಳಿಸಿಕೊಂಡ ಸಿದ್ಧ ಬ್ರಷ್ಷನ್ನು, ಅಂದರೆ ಪರದೆಯ ಮೇಲೆ ಬಣ್ಣ ಮೂಡಿಸುವ ಅಚ್ಚನ್ನು, ಮುದ್ರೆ ಒತ್ತಿದಂತೆ ಒತ್ತಿಬಿಡುವ ರೂಢಿಯೇ ಆ ತಪ್ಪು. ಅಂಥ ಬ್ರಷ್‌ನಲ್ಲಿ ಇಡೀ ರೆಪ್ಪೆಯ ಕೂದಲೆಲ್ಲ ಬೀಸಣಿಗೆಯಂತೆ ಬಿಡಿಸಿಟ್ಟಿರುತ್ತವೆ. ಒಂದು ಕ್ಲಿಕ್ ಮಾಡಿದರೆ ಸಾಕು, ಕಣ್ಣಿಗೆ ರೆಪ್ಪೆ ಬಂದು ಕೂರುತ್ತದೆ. ಹೀಗಾಗಿ ಒಂದೇ ಆಲ್ಬಮ್‌ನಲ್ಲಿ ಮದುಮಗಳು, ಆಕೆಯ ನಾದಿನಿ, ಅರವತ್ತು ದಾಟಿದ ಅತ್ತೆ, ಈ ಮೂವರಿಗೂ ಒಂದೇ ರೆಪ್ಪೆ ಇರುವುದನ್ನು ನಾನು ಕಂಡಿದ್ದೇನೆ. ಈ ಕೆಲಸಕ್ಕೆ ಬೇಕಾದ ಬ್ರಷ್ಷನ್ನು ಆಯಾ ಮುಖವನ್ನು ನೋಡಿಯೇ ನಾವು ಮಾಡಿಕೊಳ್ಳಬೇಕು ಎಂಬುದು ನನ್ನ ವಾದ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಆರೇಳು ವರ್ಷಗಳ ಹಿಂದೆ, ಹತ್ತಿರದ ಹಳ್ಳಿಯ ಹೆಣ್ಣುಮಗಳೊಬ್ಬರು ತೀರಿಕೊಂಡ ತಾಯಿಯ ಫೋಟೊ ದೊಡ್ಡದು ಮಾಡಿಸಲು ಬಂದಿದ್ದರು. ಎದುರು ಮುಖದ ಚಿತ್ರವೆಂದು ಅವರ ಬಳಿ ಇದ್ದದ್ದು ಯಾವುದೋ ಅರ್ಜಿಗೆಂದು ತೆಗೆಸಿದ ಅಂಚೆಚೀಟಿ ಗಾತ್ರದ ಒಂದೇ ಪ್ರತಿ. ಸ್ಕ್ಯಾನ್ ಮಾಡಿ ಹಿಗ್ಗಿಸಿದಾಗ ಕಣ್ಣಿನ ಜಾಗದಲ್ಲಿ ಎರಡು ಮಸುಕು ಕಲೆಗಳಷ್ಟೇ ಉಳಿದವು. ನಾನು ಹಣೆಯ ಗೀರು ಅಳಿಸಿ, ಸೀರೆಯ ಅಂಚು ತಿದ್ದಿ, ಕೊನೆಗೆ ಸಿದ್ಧ ಬ್ರಷ್‌ನಿಂದ ರೆಪ್ಪೆ ಒತ್ತಿ, 12x18 ಅಂಗುಲದ ಪ್ರಿಂಟ್ ತೆಗೆದು ಕಟ್ಟು ಹಾಕಿಸಿಟ್ಟೆ. ಮೂರನೆಯ ದಿನ ಬಂದ ಆಕೆ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಎವೆಯಿಕ್ಕದೆ ನೋಡಿದರು. "ಅಣ್ಣಾರ, ಸೀರಿ ನಮ್ಮವ್ವಂದ, ಮಾರಿನೂ ನಮ್ಮವ್ವಂದ. ಕಣ್ಣ ಮಾತ್ರ ಆಕೀವಲ್ರೀ. ಆಕಿ ರೆಪ್ಪಿ ಕೆಳಗ ಇಳೀತಿದ್ವು, ಯಾವಾಗ್ಲೂ ನೆಲಾ ನೋಡಿದಂಗ ಕಾಣತಿದ್ಲು" ಎಂದರು. ಆದರೂ ಹಣ ಕೊಡಲು ಮುಂದಾದರು. ನಾನು ತೆಗೆದುಕೊಳ್ಳಲಿಲ್ಲ, ಮನೆಯಲ್ಲಿ ಬೇರೆ ಯಾವ ಚಿತ್ರ ಇದ್ದರೂ ತನ್ನಿ ಎಂದು ಹೇಳಿ ಕಳಿಸಿದೆ.

ವಾರದ ನಂತರ ಅವರು ತಂದದ್ದು ತಮ್ಮದೇ ಕುಬುಸದ ಕಾರ್ಯದಲ್ಲಿ ತೆಗೆದ ಚಿತ್ರ. ಮಗಳ ಕೈಗೆ ಬಳೆ ತೊಡಿಸುತ್ತಿರುವ ತಾಯಿಯನ್ನು ಪಕ್ಕದಿಂದ, ತೀರ ಹತ್ತಿರದಿಂದ ತೆಗೆದಿದ್ದರು. ಕೆನ್ನೆಯ ಮೇಲಿನ ಬೆಳಕಿಗೆ ಎದುರಾಗಿ ಬಲಗಣ್ಣಿನ ಹೊರತುದಿಯ ನಾಲ್ಕೈದು ಕೂದಲು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅವು ಬುಡದಲ್ಲಿ ನೇರವಾಗಿ ಹೊರಟು ತುದಿಯಲ್ಲಿ ಸ್ವಲ್ಪವೇ ಬಾಗುವ, ಗಿಡ್ಡ, ತೆಳು ಕೂದಲು. ಅವುಗಳಲ್ಲಿ ಒಂದನ್ನು ಆಯ್ದು ಹೊಸ ಬಿಳಿ ಹಾಳೆಗೆ ತಂದು, ಬಣ್ಣ ತೆಗೆದು, ಲೆವೆಲ್ಸ್ ಎಂಬ ಸೌಲಭ್ಯದಿಂದ ಕಪ್ಪು ಬಿಳುಪಿನ ಅಂತರ ಹೆಚ್ಚಿಸಿ, ಚರ್ಮದ ಭಾಗವೆಲ್ಲ ಅಚ್ಚ ಬಿಳಿಯಾಗಿ ಕೂದಲೊಂದೇ ಕಪ್ಪಾಗಿ ಉಳಿಯುವಂತೆ ಮಾಡಿದೆ. ಫೋಟೊಶಾಪ್‌ನಲ್ಲಿ ಬ್ರಷ್‌ನ ತುದಿ ಎಂಬುದು ಒಂದು ಕಪ್ಪು ಬಿಳುಪು ಚಿತ್ರವಲ್ಲದೆ ಬೇರೇನೂ ಅಲ್ಲ: ಕಪ್ಪು ಇದ್ದಲ್ಲಿ ಬಣ್ಣ ಪೂರ್ತಿಯಾಗಿ ಬೀಳುತ್ತದೆ, ಬೂದು ಇದ್ದಲ್ಲಿ ತೆಳುವಾಗಿ ಬೀಳುತ್ತದೆ, ಬಿಳಿ ಇದ್ದಲ್ಲಿ ಬೀಳುವುದೇ ಇಲ್ಲ. ಎಡಿಟ್ ಮೆನುವಿನಲ್ಲಿರುವ ಡಿಫೈನ್ ಬ್ರಷ್ ಪ್ರಿಸೆಟ್ ಒತ್ತಿ ಹೆಸರು ಕೊಟ್ಟರೆ ಬ್ರಷ್ ಸಿದ್ಧ. ಆ ಒಂದು ಕೂದಲಿನ ಬಾಗನ್ನೇ ಆಧಾರವಾಗಿಟ್ಟು, ಮೂಗಿನ ಕಡೆಗೊಂದು, ನಡುವಿಗೊಂದು ಎಂದು ಇನ್ನೆರಡನ್ನು ಕೈಯಿಂದ ಬರೆದು ಬ್ರಷ್ ಮಾಡಿಕೊಂಡೆ. ಒಂದು ಕ್ಲಿಕ್‌ಗೆ ಒಂದೇ ಕೂದಲು. ಪ್ರತಿ ಸಲವೂ ಕೋನ ಮತ್ತು ಅಳತೆಯನ್ನು ತುಸು ಬದಲಿಸುತ್ತ ಹೋದೆ. ಎರಡು ಕಣ್ಣಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹೊಸ ಚಿತ್ರವನ್ನು ತೆಗೆದುಕೊಂಡು ಹೋಗುವಾಗ ಆಕೆ ಏನೂ ಹೇಳಲಿಲ್ಲ. ಸೆರಗಿನಿಂದ ಗಾಜನ್ನು ಒರೆಸಿ, ಎದೆಗೊತ್ತಿ ಹಿಡಿದುಕೊಂಡು ಹೋದರು.

ಸಿದ್ಧ ಬ್ರಷ್ ಏಕೆ ಸುಳ್ಳಾಗಿ ಕಾಣುತ್ತದೆ ಎಂಬುದಕ್ಕೆ ಕಣ್ಣಿನ ರಚನೆಯಲ್ಲೇ ಕಾರಣವಿದೆ. ಮೇಲಿನ ರೆಪ್ಪೆಯಲ್ಲಿ ಸಾಮಾನ್ಯವಾಗಿ 90ರಿಂದ 150 ಕೂದಲು, ಕೆಳಗಿನದರಲ್ಲಿ 70ರಿಂದ 80. ಮೇಲಿನವು 8ರಿಂದ 12 ಮಿಲಿಮೀಟರ್ ಉದ್ದ, ಕೆಳಗಿನವು 6ರಿಂದ 8. ಅವು ಒಂದೇ ಸಾಲಿನಲ್ಲಿ ನಾಟಿ ಮಾಡಿದಂತೆ ಇರುವುದಿಲ್ಲ. ಎರಡು ಮೂರು ಸಾಲುಗಳಲ್ಲಿ ಒತ್ತೊತ್ತಾಗಿ ಹುಟ್ಟಿ, ಅಲ್ಲಲ್ಲಿ ಎರಡು ಮೂರು ಕೂದಲಿನ ತುದಿಗಳು ಒಂದನ್ನೊಂದು ತಗುಲಿ ಸಣ್ಣ ತ್ರಿಕೋನಗಳಾಗುತ್ತವೆ. ಪ್ರತಿ ಕೂದಲೂ ತನ್ನ ಕಾಲ ಮುಗಿದಾಗ ಉದುರಿ ಮತ್ತೆ ಹುಟ್ಟುವುದರಿಂದ, ಯಾವ ದಿನ ನೋಡಿದರೂ ಪೂರ್ತಿ ಬೆಳೆದದ್ದರ ಪಕ್ಕದಲ್ಲಿ ಅರ್ಧ ಬೆಳೆದದ್ದು ಇದ್ದೇ ಇರುತ್ತದೆ. ಮೂಗಿನ ಕಡೆಯವು ಮೂಗಿನತ್ತ, ಹೊರತುದಿಯವು ಕಿವಿಯತ್ತ ಓಲುತ್ತವೆ. ನಡುವಿನವು ನೋಡುಗರ ಕಡೆಗೇ ಚಾಚಿರುವುದರಿಂದ, ಎದುರಿನಿಂದ ತೆಗೆದ ಚಿತ್ರದಲ್ಲಿ ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತವೆ. ಸಿದ್ಧ ಬ್ರಷ್ಷನ್ನು ತಯಾರಿಸಿದವರು ಯಾವುದೋ ಒಂದು ಮುಖದ, ಯಾವುದೋ ಒಂದು ಕೋನದ ರೆಪ್ಪೆಯನ್ನು ಬಿಡಿಸಿರುತ್ತಾರೆ. ನಮ್ಮ ಮುಂದಿರುವ ಮುಖ ತುಸು ಕೆಳಗೆ ಬಾಗಿದ್ದರೂ ಸಾಕು, ಆ ಕೋನ ಹೊಂದುವುದಿಲ್ಲ. ಒಂದು ಕಣ್ಣಿಗೆ ಒತ್ತಿದ್ದನ್ನೇ ತಿರುಗಿಸಿ ಇನ್ನೊಂದಕ್ಕೆ ಒತ್ತುವುದಂತೂ ಇನ್ನೂ ದೊಡ್ಡ ತಪ್ಪು, ಏಕೆಂದರೆ ಯಾರ ಎರಡು ಕಣ್ಣುಗಳೂ ಕನ್ನಡಿಯ ಬಿಂಬದಂತೆ ಇರುವುದಿಲ್ಲ.

ವಯಸ್ಸಾದವರ ರೆಪ್ಪೆ ತೆಳುವಾಗುತ್ತದೆ. ಅದನ್ನು ತೆಳುವಾಗಿಯೇ ಬಿಡುವುದು ಅವರಿಗೆ ತೋರುವ ಗೌರವ ಎಂದು ನಾನು ತಿಳಿದಿದ್ದೇನೆ.

ಕೂದಲಿನ ಅಚ್ಚು ತೆಗೆದು ಮಾಡುವ ಬ್ರಷ್ ಒಂದು ಬಗೆ. ಇನ್ನೊಂದು, ನನ್ನ ದಿನನಿತ್ಯದ ಕೆಲಸಕ್ಕೆ ಹೆಚ್ಚು ಒದಗುವ, ಗೀಟು ಎಳೆಯುವ ಬ್ರಷ್. ಮೂರು ನಾಲ್ಕು ಪಿಕ್ಸೆಲ್‌ನ (ಪಿಕ್ಸೆಲ್ ಎಂದರೆ ಡಿಜಿಟಲ್ ಚಿತ್ರದ ಒಂದು ಚುಕ್ಕಿ) ಗಟ್ಟಿ ಅಂಚಿನ ದುಂಡು ಬ್ರಷ್ ತೆಗೆದುಕೊಂಡು, ಬ್ರಷ್ ಸೆಟ್ಟಿಂಗ್‌ನ ಶೇಪ್ ಡೈನಾಮಿಕ್ಸ್‌ನಲ್ಲಿ ಅಳತೆಯ ನಿಯಂತ್ರಣವನ್ನು ಪೆನ್ ಟ್ಯಾಬ್ಲೆಟ್‌ನ ಪೆನ್ನಿನ ಒತ್ತಡಕ್ಕೆ ಕೊಟ್ಟರೆ, ಒತ್ತಿ ಹಿಡಿದು ಎಳೆದು ಬಿಡುವಾಗ ಬುಡ ದಪ್ಪವಾಗಿಯೂ ತುದಿ ಸೂಜಿಯಾಗಿಯೂ ಬರುತ್ತದೆ. ಪೆನ್ ಟ್ಯಾಬ್ಲೆಟ್ ಇಲ್ಲದೆ ಮೌಸ್‌ನಲ್ಲೇ ಕೆಲಸ ಮಾಡುವವರು ಅದೇ ಜಾಗದಲ್ಲಿ ಫೇಡ್ ಆರಿಸಿ, ಎಷ್ಟು ಹೆಜ್ಜೆಗೆ ಗೀಟು ಸವೆಯಬೇಕೆಂದು ಸಂಖ್ಯೆ ಕೊಟ್ಟರೆ ಗೀಟು ತಾನಾಗಿಯೇ ಚೂಪಾಗುತ್ತದೆ. ಆ ಸಂಖ್ಯೆಯನ್ನು ಮುಖಕ್ಕೆ ತಕ್ಕಂತೆ ಬದಲಿಸಬೇಕು, ಸ್ಪೇಸಿಂಗ್ ಅನ್ನು, ಅಂದರೆ ಬ್ರಷ್‌ನ ಒಂದೊಂದು ಗುರುತಿನ ನಡುವಿನ ಅಂತರವನ್ನು, ಸಾಧ್ಯವಾದಷ್ಟು ಕಡಿಮೆ ಇಡಬೇಕು. ಇಲ್ಲದಿದ್ದರೆ ಗೀಟು ಪೋಣಿಸಿದ ಮಣಿಯಂತೆ ಕಾಣುತ್ತದೆ. ಕೈ ಯಾವಾಗಲೂ ಬುಡದಿಂದ ತುದಿಗೆ ಹೋಗಬೇಕು. ಬಣ್ಣಕ್ಕೆ ಅಚ್ಚ ಕಪ್ಪು ಬೇಡ. ಆ ಕಣ್ಣಿನಲ್ಲೇ ಇರುವ ಅತಿ ಗಾಢವಾದ ಕೂದಲಿನ ಬಣ್ಣವನ್ನು ಎತ್ತಿಕೊಳ್ಳಬೇಕು, ಅದು ಬಹುತೇಕ ಕಂದು ಬೆರೆತ ಕಪ್ಪಾಗಿರುತ್ತದೆ. ಕಾಡಿಗೆ ಹಚ್ಚಿದ ಕಣ್ಣಾದರೆ ಕಾಡಿಗೆಯ ಬಣ್ಣವನ್ನು ಕೂದಲಿನ ಬಣ್ಣವೆಂದು ಎಣಿಸಬಾರದು. ಎಲ್ಲವನ್ನೂ ಮೂಲ ಚಿತ್ರದ ಮೇಲಿನ ಬೇರೆ ಪದರ, ಅಂದರೆ ಲೇಯರ್‌ನಲ್ಲಿ ಮಾಡಿ, ಕೊನೆಗೆ ಅದರ ಒಪೆಸಿಟಿ (ದಟ್ಟತೆ) ಇಳಿಸಿ, ಮೂಲ ಚಿತ್ರ ಎಷ್ಟು ಮೃದುವಾಗಿದೆಯೋ ಅಷ್ಟೇ ಮಸುಕು ಕೊಟ್ಟರೆ ಕೆಲಸ ಮುಗಿಯಿತು.

ಎಲ್ಲಿ ರೆಪ್ಪೆ ಬಿಡಿಸಬಾರದು ಎಂಬುದು ಇದಕ್ಕಿಂತ ಮುಖ್ಯವಾದ ತಿಳಿವಳಿಕೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಮುಖವೇ ತುಂಬುವಂತೆ ತೆಗೆದ ಚಿತ್ರದಲ್ಲಿ ಒಂದು ಕಣ್ಣು ಅಡ್ಡಕ್ಕೆ ಸುಮಾರು 400ರಿಂದ 450 ಪಿಕ್ಸೆಲ್ ಇದ್ದರೆ, ಒಂದು ಕೂದಲಿನ ಬುಡ ಒಂದೆರಡು ಪಿಕ್ಸೆಲ್ ದಪ್ಪವಿರುತ್ತದೆ. ಅದೇ ಕ್ಯಾಮೆರಾದಲ್ಲಿ ವಧೂವರರು ವೇದಿಕೆಯ ಮೇಲೆ ನಿಂತ ಪೂರ್ಣ ಚಿತ್ರ ತೆಗೆದಾಗ ಕಣ್ಣು 60ರಿಂದ 90 ಪಿಕ್ಸೆಲ್‌ಗೆ ಇಳಿಯುತ್ತದೆ, ಕೂದಲು ಒಂದು ಪಿಕ್ಸೆಲ್‌ನ ಸಣ್ಣ ಭಾಗವಾಗುತ್ತದೆ. ಅಂಥಲ್ಲಿ ಕೂದಲು ಬಿಡಿಯಾಗಿ ಕಾಣುವ ಸಾಧ್ಯತೆಯೇ ಇಲ್ಲ. ಹಾಗಿದ್ದರೂ 12x36 ಅಂಗುಲದ ಹಾಳೆಯಲ್ಲಿ ಅಂಥ ಚಿತ್ರಕ್ಕೆ ಎಳೆ ಎಳೆಯಾಗಿ ರೆಪ್ಪೆ ಒತ್ತಿದ ಆಲ್ಬಮ್‌ಗಳು ಬರುತ್ತಿವೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಮುಖ ಗೊಂಬೆಯಂತಾಗಿದೆ ಎಂದು ಅನ್ನಿಸುತ್ತದೆ. ಅಲ್ಲಿ ಮಾಡಬೇಕಾದದ್ದು ರೆಪ್ಪೆಯಂಚನ್ನು ತುಸು ಗಾಢಗೊಳಿಸುವುದು ಮಾತ್ರ.

ನನಗೆ ಕೆಲಸ ಕಲಿಸಿದ ಗುರುಗಳು ನೆಗೆಟಿವ್ ಮೇಲೆ ಟಚಿಂಗ್ ಮಾಡುತ್ತಿದ್ದವರು. ಪೆನ್ಸಿಲ್ಲಿನ ಮೊನೆಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ಸೂಜಿಯಂತೆ ಮಾಡಿಕೊಂಡು, ಭೂತಗನ್ನಡಿಯಡಿ ಕೂತು ಸುಕ್ಕು ಮರೆಸುತ್ತಿದ್ದರು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿದಷ್ಟೂ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುವುದರಿಂದ ಸುಕ್ಕಿಗೆ ಪೆನ್ಸಿಲ್ ಒದಗುತ್ತಿತ್ತು. ರೆಪ್ಪೆಯನ್ನು ಕಪ್ಪಾಗಿಸಬೇಕಾದರೆ ಬ್ಲೇಡಿನ ತುದಿಯಿಂದ ಎಮಲ್ಷನ್, ಅಂದರೆ ಚಿತ್ರ ಮೂಡಿರುವ ಲೇಪವನ್ನು ಕೆರೆಯಬೇಕಿತ್ತು, ಇಲ್ಲವೇ ಪ್ರಿಂಟಿನ ಮೇಲೆ ಸೊನ್ನೆ ನಂಬರಿನ ಬ್ರಷ್‌ನಿಂದ ಬರೆಯಬೇಕಿತ್ತು. ಕೆರೆದದ್ದನ್ನು ಮತ್ತೆ ಕೂಡಿಸಲು ಬರುವುದಿಲ್ಲ. ಆದ್ದರಿಂದ ಅವರು ಮೊದಲು ಮುಖವನ್ನು ಬಹಳ ಹೊತ್ತು ನೋಡುತ್ತಿದ್ದರು, ಆಮೇಲೆ ಮುಟ್ಟುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಕಾರರು ಅಳಿಲಿನ ಕೂದಲನ್ನು ರೇಷ್ಮೆ ದಾರದಿಂದ ಕಟ್ಟಿ, ಹಕ್ಕಿಯ ಗರಿಯ ಕೊಳವೆಗೆ ತೂರಿಸಿ ತಮ್ಮ ಕುಂಚವನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅತಿ ಸೂಕ್ಷ್ಮ ಗೆರೆಗೆ ಒಂದು ಬಗೆಯ ಹುಲ್ಲಿನ ಚೂಪಾದ ಎಸಳನ್ನೇ ಬಳಸುತ್ತಿದ್ದರು. ಅಂಥ ನಾಡಿನಲ್ಲಿ ಇರುವ ನಮಗೆ ಮೂರು ನಿಮಿಷದಲ್ಲಿ ಆಗುವ ಬ್ರಷ್ಷನ್ನು ಸ್ವಂತವಾಗಿ ಮಾಡಿಕೊಳ್ಳುವುದು ಭಾರವಾಗಬಾರದು.

ಸಮಯವಿಲ್ಲ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮದುವೆಯ ಹಂಗಾಮಿನಲ್ಲಿ ಒಬ್ಬ ಡಿಸೈನರ್ ಒಂದೇ ವಾರದಲ್ಲಿ ನಾಲ್ಕೈದು ಆಲ್ಬಮ್ ಮುಗಿಸಿ ಲ್ಯಾಬ್‌ಗೆ ಕಳಿಸಬೇಕಾಗುತ್ತದೆ, ಕೊಡುವ ಕೂಲಿಯೂ ಕಡಿಮೆ. ಆದರೆ ನೂರಾರು ಚಿತ್ರಗಳಿರುವ ಆಲ್ಬಮ್‌ನಲ್ಲಿ ರೆಪ್ಪೆ ತಿದ್ದಬೇಕಾದ ಹತ್ತಿರದ ಚಿತ್ರಗಳು ಹತ್ತು ಹನ್ನೆರಡಕ್ಕಿಂತ ಹೆಚ್ಚಿರುವುದಿಲ್ಲ. ಮದುಮಗಳ ಒಂದು ಒಳ್ಳೆಯ ಚಿತ್ರದಿಂದ ಎರಡು ಮೂರು ಬ್ರಷ್ ಮಾಡಿಟ್ಟುಕೊಂಡರೆ, ಅಂಟಿಸಿದ ಕೃತಕ ರೆಪ್ಪೆಯ ಮೂಲೆ ಎದ್ದಿರುವುದು, ಮಸ್ಕರಾ ಗಂಟುಗಟ್ಟಿರುವುದು, ನಡುವೆ ಖಾಲಿ ಬಿದ್ದಿರುವುದು, ಎಲ್ಲಕ್ಕೂ ಅವೇ ಸಾಕಾಗುತ್ತವೆ. ಖರ್ಚಿನ ಮಾತಿಗೂ ಉತ್ತರವಿದೆ. ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ ಚಿತ್ರದ ಭಾಗವೊಂದನ್ನು ನಕಲು ಮಾಡಿ ಹೊಸ ಬ್ರಷ್ ಆಗಿ ಅಂಟಿಸುವ ಅನುಕೂಲವಿದೆ. ಕ್ರಿಟಾ ಕೂಡ ಉಚಿತ, ಅದರ ಬ್ರಷ್‌ಗಳು ಪೆನ್ನಿನ ಕೆಲಸಕ್ಕೆ ಬಹಳ ಚೆನ್ನಾಗಿ ಒಗ್ಗುತ್ತವೆ.

ತಿದ್ದಲೇಬಾರದ ಚಿತ್ರಗಳೂ ಇವೆ. ಪಾಸ್‌ಪೋರ್ಟ್ ಅರ್ಜಿಯ ಫೋಟೊವನ್ನು ತಂತ್ರಾಂಶದಿಂದ ಬದಲಿಸುವಂತಿಲ್ಲ, ಅಲ್ಲಿ ಒಂದು ಕೂದಲನ್ನೂ ಸೇರಿಸಬಾರದು. ಸೌಂದರ್ಯ ಸಾಧನಗಳ ಜಾಹೀರಾತಿನಲ್ಲಂತೂ ರೆಪ್ಪೆ ಬಿಡಿಸುವುದು ಗ್ರಾಹಕರನ್ನು ದಾರಿ ತಪ್ಪಿಸಿದಂತೆ. ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರವು 2012ರಲ್ಲಿ ಡಿಯೋರ್ ಕಂಪನಿಯ ಮಸ್ಕರಾ ಜಾಹೀರಾತೊಂದನ್ನು ಮತ್ತೆ ಪ್ರಕಟಿಸಬಾರದೆಂದು ಹೇಳಿದ್ದು ರೆಪ್ಪೆಗೂದಲನ್ನು ಡಿಜಿಟಲ್ ಆಗಿ ತಿದ್ದಿದ್ದ ಕಾರಣಕ್ಕೇ. ನಮ್ಮ ಊರುಗಳ ಬ್ಯೂಟಿ ಪಾರ್ಲರ್‌ಗಳ ಫಲಕಕ್ಕೆ ಚಿತ್ರ ಸಿದ್ಧಪಡಿಸುವ ಗೆಳೆಯರು ಇದನ್ನು ನೆನಪಿನಲ್ಲಿಡಬೇಕು.

1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ನಡೆಯುತ್ತಿರುವ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಗ್ರಾಮೀಣ ಯುವಕ ಯುವತಿಯರಿಗೆ ಫೋಟೊಗ್ರಫಿ ಮತ್ತು ವಿಡಿಯೊಗ್ರಫಿ ತರಬೇತಿಯನ್ನು ಉಚಿತವಾಗಿ ಕೊಡುತ್ತಿವೆ. ಆ ತರಬೇತಿಯಲ್ಲಿ ಒಂದು ದಿನವನ್ನು ಸ್ವಂತ ಬ್ರಷ್ ತಯಾರಿಕೆಗೆ ಮೀಸಲಿಡಬೇಕೆಂದು ನನ್ನ ವಿನಂತಿ. ಜಿಲ್ಲೆಯ ಛಾಯಾಗ್ರಾಹಕರ ಸಂಘಗಳು ಕ್ಯಾಮೆರಾ ಕಂಪನಿಗಳ ಕಾರ್ಯಾಗಾರಗಳನ್ನು ಏರ್ಪಡಿಸುವಷ್ಟೇ ಆಸಕ್ತಿಯಿಂದ ಇದನ್ನೂ ಏರ್ಪಡಿಸಬಹುದು. ಗ್ರಾಹಕರು ಕೂಡ ಆಲ್ಬಮ್ ಪ್ರಿಂಟ್‌ಗೆ ಹೋಗುವ ಮೊದಲು ಹತ್ತಿರದ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸುವಂತೆ ಕೇಳಬೇಕು. ಅದು ಅವರ ಹಕ್ಕು. ಕಲಿಯಬೇಕೆನ್ನುವವರಿಗೆ ಮಂಗಳವಾರ ನಮ್ಮ ಸ್ಟುಡಿಯೊದ ಕಂಪ್ಯೂಟರ್ ಬಿಡುವಾಗಿರುತ್ತದೆ. ಶುಲ್ಕವಿಲ್ಲ. ಬರುವಾಗ ತಮ್ಮ ತಾಯಿಯದೋ ಅಜ್ಜಿಯದೋ ಹತ್ತಿರದಿಂದ ತೆಗೆದ ಒಂದು ಚಿತ್ರ ತರಬೇಕು, ಮೊದಲ ಬ್ರಷ್ಷನ್ನು ಅದರಿಂದಲೇ ಮಾಡೋಣ.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಛಾಯಾಗ್ರಾಹಕ