ಕದಲದ ಮಂಚ

ಪ್ರೀತಿಯ ತಂಗಿ,

ನಿನ್ನ ಕಥೆ ಎರಡು ಸಲ ಓದಿದೆ. ಗಂಡ ಊರು ಬಿಟ್ಟು ವರ್ಷಗಳಾಗಿವೆ, ಹೆಂಡತಿ ಬಾಗಿಲಲ್ಲಿ ಕಾಯುತ್ತಾಳೆ. 'ಅವಳ ನಿಷ್ಠೆ ಅಚಲವಾಗಿತ್ತು' ಎಂದು ಬರೆದಿದ್ದೀಯ. ಆ ಸಾಲು ನನಗೆ ಸಾಲದು. ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ 'ಒಡಿಸ್ಸಿ'ಯ 23ನೇ ಭಾಗ ತೆಗೆದು ನೋಡು.

ಅದರ ನಾಯಕ ಒಡಿಸ್ಯೂಸ್ 20 ವರ್ಷದ ಮೇಲೆ ತನ್ನ ಊರಾದ ಇಥಾಕಾಗೆ ಬಂದಿದ್ದಾನೆ. 10 ವರ್ಷ ಟ್ರಾಯ್ ಯುದ್ಧ, 10 ವರ್ಷ ದಾರಿ. ಹೆಂಡತಿ ಪೆನೆಲೋಪಿ ಓಡಿ ಬಂದು ತಬ್ಬಿಕೊಳ್ಳುವುದಿಲ್ಲ. ಎದುರು ಗೋಡೆಯ ಹತ್ತಿರ ಕೂತು ನೋಡುತ್ತಾಳೆ. ನಿನ್ನ ಮನಸ್ಸು ಕಲ್ಲಿಗಿಂತ ಗಟ್ಟಿ ಎಂದು ಹೆತ್ತ ಮಗನೇ ಬೈಯುತ್ತಾನೆ. ಆಮೇಲೆ ಅವಳು ಮುದಿ ದಾದಿಗೆ ಸುಮ್ನೆ ಹೇಳಿದ ಹಾಗೆ ಹೇಳುತ್ತಾಳೆ: ಇವನೇ ಮಾಡಿದ ಆ ಮಂಚವನ್ನು ಹೊರಗೆ ತಂದು ಹಾಸಿಗೆ ಹಾಸು.

ಒಡಿಸ್ಯೂಸ್ ಸಿಡಿಯುತ್ತಾನೆ. ಆ ಮಂಚ ಕದಲುವುದೇ ಇಲ್ಲ! ಅಂಗಳದಲ್ಲಿ ಕಂಬದಷ್ಟು ದಪ್ಪ ಆಲಿವ್ ಮರವಿತ್ತು. ಅದರ ಸುತ್ತ ಕಲ್ಲಿನ ಗೋಡೆ ಕಟ್ಟಿ, ರೆಂಬೆ ಕಡಿದು, ನೆಲದಲ್ಲಿ ಬೇರೂರಿದ ಬೊಡ್ಡೆಯನ್ನೇ ಕೆತ್ತಿ ಮಂಚದ ಕಾಲು ಮಾಡಿದವನು ಅವನೇ. ಬುಡ ಯಾರಾದರೂ ಕಡಿದರಾ ಎಂದು ಕೇಳುತ್ತಾನೆ. ಈ ಗುಟ್ಟು ಅವರಿಬ್ಬರನ್ನು ಮತ್ತು ಒಬ್ಬ ದಾಸಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕೇಳಿದ್ದೇ ತಡ, ಅವಳ ಮಂಡಿ ಕುಸಿಯುತ್ತದೆ. ಹಡಗು ಮುಳುಗಿ ಈಜಿ ಬಂದವರಿಗೆ ದಡ ಕಂಡ ಹಾಗೆ ಅವಳಿಗೆ ಗಂಡ ಕಂಡ ಎನ್ನುತ್ತಾನೆ ಹೋಮರ್. ಸಮುದ್ರ ಅಲೆದವನು ಗಂಡ, ಈಜಿ ದಣಿದವಳು ಹೆಂಡತಿ. ಇದನ್ನು ಓದಿದಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಕಾಯುವುದೂ ಒಂದು ಕೆಲಸ ಕಣಮ್ಮ. ಮದುವೆಯಾಗಲು ಬಂದು ಮನೆಯಲ್ಲೇ ಬೀಡುಬಿಟ್ಟಿದ್ದ 108 ಜನರನ್ನು ತಡೆಯಲು ಪೆನೆಲೋಪಿ ಮಾವನ ಶವವಸ್ತ್ರ ನೇಯುವ ನೆಪ ಹೂಡಿದಳು. ಹಗಲು ನೇಯ್ದಿದ್ದನ್ನು ರಾತ್ರಿ ಪಂಜಿನ ಬೆಳಕಲ್ಲಿ ಬಿಚ್ಚಿದಳು. ಮೂರು ವರ್ಷ! ನಿನ್ನ ನಾಯಕಿಯ ಕೈಗೆ ಏನು ಕೆಲಸ ಕೊಟ್ಟಿದ್ದೀಯ?

ಗಂಡನ ಪಾಲನ್ನೂ ಮುಚ್ಚಿಡಬೇಡ. ಒಡಿಸ್ಯೂಸ್ ಏಳು ವರ್ಷ ಕ್ಯಾಲಿಪ್ಸೊ ಎಂಬ ದೇವತೆಯ ದ್ವೀಪದಲ್ಲಿದ್ದ. ಹಗಲು ದಡದಲ್ಲಿ ಕೂತು ಅಳುತ್ತಿದ್ದ, ರಾತ್ರಿ ಮನಸ್ಸಿಲ್ಲದೆ ಅವಳ ಜೊತೆ ಮಲಗುತ್ತಿದ್ದ. ಗಂಡನಿಗೊಂದು ನ್ಯಾಯ, ಹೆಂಡತಿಗೊಂದು ನ್ಯಾಯ. ನನಗೆ ಇದು ಇವತ್ತಿಗೂ ಚುಚ್ಚುತ್ತದೆ. ಆದರೆ ಹೋಮರ್ ಅದನ್ನು ಅಡಗಿಸಲಿಲ್ಲ ಅಲ್ವಾ?

ಇನ್ನೊಂದು ಮಾತು. ಅವರು ಮತ್ತೆ ಸೇರಿದ ಆ ರಾತ್ರಿ, ಮಲಗುವ ಮುಂಚೆಯೇ, ತನಗೆ ಇನ್ನೊಂದು ದೂರದ ಪ್ರಯಾಣ ಬಾಕಿ ಇದೆ ಎಂದು ಅವನು ಹೇಳುತ್ತಾನೆ. ಹೇಗೂ ತಿಳಿಯಲೇಬೇಕು, ಈಗಲೇ ಹೇಳು ಎನ್ನುತ್ತಾಳೆ ಅವಳು. ನಿನ್ನ ಕಥೆ ಗಂಡ ಹೊಸಿಲು ದಾಟಿದಲ್ಲಿಗೇ ನಿಂತಿದೆ. ಆ ರಾತ್ರಿ ಇಬ್ಬರೂ ಏನು ಮಾತಾಡಿದರು, ಬರೆದು ಕಳಿಸು.

ನಿನ್ನ ಅಕ್ಕ