ಬಿಲ್ಲಿಗೆ ಬಾರದ ದರ ಇನ್ನು ಕೊಟೇಶನ್‌ನ ಲೆಕ್ಕದಲ್ಲೂ ಇರುವುದಿಲ್ಲ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ರಿಂದ ನಮ್ಮ ಛಾವಣಿ ಸೋಲಾರ್ ಕೊಟೇಶನ್‌ಗಳಲ್ಲಿ ಉಳಿತಾಯದ ಲೆಕ್ಕ ಬದಲಾಗುತ್ತದೆ. ನಿಮ್ಮ ಮೀಟರಿಗೆ ಇವತ್ತು ಯಾವ ದರ ಬೀಳುತ್ತಿದೆಯೋ ಅದರಲ್ಲೇ ಲೆಕ್ಕ ಹಾಕುತ್ತೇವೆ. ಗೆಜೆಟ್‌ನಲ್ಲಿ ಅಚ್ಚಾಗಿ ಬಿಲ್ಲಿಗೆ ಇನ್ನೂ ಇಳಿಯದ ದರವನ್ನು ಕೆಳಗೆ ಬೇರೆ ಸಾಲಿನಲ್ಲಿ ತೋರಿಸುತ್ತೇವೆ, ಮೊತ್ತಕ್ಕೆ ಕೂಡಿಸುವುದಿಲ್ಲ.

ಹೆಚ್ಚಿನವರು ಕೇಳುವುದು ಟಿಒಡಿ, ಅಂದರೆ ಹೊತ್ತಿಗೊಂದು ದರದ ಬಗ್ಗೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿತು. ಅದರ ಪ್ರಕಾರ ಸೋಲಾರ್ ಹೊತ್ತಿನ, ಅಂದರೆ ಬಿಸಿಲಿರುವ ಹಗಲಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು, ಬಳಕೆ ಹೆಚ್ಚಿರುವ ಪೀಕ್ ಹೊತ್ತಿನಲ್ಲಿ ಮನೆಗಳಿಗೆ ಸಾಮಾನ್ಯ ದರದ ಕನಿಷ್ಠ 1.1 ಪಟ್ಟು ಇರಬೇಕು. ಕೃಷಿ ಬಿಟ್ಟು ಮನೆ ಮುಂತಾದವರಿಗೆ ಕೊಟ್ಟ ಗಡುವು 2025ರ ಏಪ್ರಿಲ್ 1. ಗಡುವು ಕಳೆದರೂ ಬಿಲ್ಲಿನಲ್ಲಿ ಯಾಕೆ ಕಾಣುತ್ತಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಕಾರಣ ಇಷ್ಟು. ದರ ನಿಗದಿ ಮಾಡುವ ಅಧಿಕಾರ ರಾಜ್ಯದ ಆಯೋಗದ್ದು, ನಮ್ಮಲ್ಲಿ ಕೆಇಆರ್‌ಸಿಯದ್ದು (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ). ದಿನದ ಯಾವ ಎಂಟು ಗಂಟೆ ಸೋಲಾರ್ ಹೊತ್ತು ಎಂದು ಅದೇ ಹೇಳಬೇಕು. ಅದಾದ ಮೇಲೆ ಗಂಟೆಗಂಟೆಯ ಬಳಕೆ ದಾಖಲಿಸುವ ಸ್ಮಾರ್ಟ್ ಮೀಟರ್ ಬೇಕು, ಎಸ್ಕಾಂನ (ವಿದ್ಯುತ್ ಸರಬರಾಜು ಕಂಪನಿಯ) ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ಓದಬೇಕು. ಇದರಲ್ಲಿ ಒಂದು ತಪ್ಪಿದರೂ ದಿನವಿಡೀ ಒಂದೇ ದರ. 2003ರ ವಿದ್ಯುತ್ ಕಾಯ್ದೆಯೇ ಹೀಗೆ ಹಂತಹಂತವಾಗಿ ಬಂತು: ಮೇ 26ಕ್ಕೆ ರಾಷ್ಟ್ರಪತಿಗಳ ಅಂಕಿತ, ಜೂನ್ 10ಕ್ಕೆ ಜಾರಿ, ಸೆಕ್ಷನ್ 121 ಮಾತ್ರ 2004ರ ಜನವರಿಗೆ.

ಈ ಅಂತರ ಕಡೆಗಣಿಸಿ ಬ್ಯಾಟರಿ ಕೊಂಡರೆ ನಷ್ಟ. ಲೆಕ್ಕಕ್ಕೆ ಯೂನಿಟ್‌ಗೆ 6 ರೂಪಾಯಿ ಇಟ್ಟುಕೊಳ್ಳಿ. ಟಿಒಡಿ ಬಂದರೆ ಹಗಲು 4.80, ಪೀಕ್‌ನಲ್ಲಿ 6.60. ಹಗಲಿನ 4 ಯೂನಿಟ್ ಅನ್ನು ಬ್ಯಾಟರಿ ಸಂಜೆಯ ಪೀಕ್‌ಗೆ ಉಳಿಸಿಕೊಟ್ಟರೆ ದಿನಕ್ಕೆ 7.20 ರೂಪಾಯಿ ಲಾಭ, ಅದೂ ಬ್ಯಾಟರಿಯೊಳಗಿನ ನಷ್ಟ ಕಳೆಯದೆ. ಟಿಒಡಿ ಇಲ್ಲದಿದ್ದರೆ ಆ ಲಾಭ ಸೊನ್ನೆ. ಇನ್ನೊಂದು ಮಗ್ಗುಲನ್ನು ಬಹಳ ಜನ ಗಮನಿಸುವುದಿಲ್ಲ: ಪ್ಯಾನೆಲ್ ಉತ್ಪಾದಿಸುವುದೇ ಆ ಅಗ್ಗದ ಹೊತ್ತಿನಲ್ಲಿ. ಹಗಲು ಮನೆಯಲ್ಲೇ 5 ಯೂನಿಟ್ ಬಳಸಿದರೆ ಈಗ ಉಳಿಯುವುದು 30 ರೂಪಾಯಿ, ಟಿಒಡಿ ಬಂದ ಮೇಲೆ 24. ಹಾಗಾಗಿ ಹೊಸ ದರ ಬರಲಿ ಎಂದು ಕಾಯುತ್ತಾ ಪ್ಯಾನೆಲ್ ಮುಂದೂಡುವುದರಲ್ಲಿ ಅರ್ಥವಿಲ್ಲ. ಬ್ಯಾಟರಿ ಮಾತ್ರ ಮುಂದೂಡಿ. ಮುಂದೆ ಹಾಕುವ ಯೋಚನೆ ಇದ್ದರೆ ಈಗಲೇ ಹೈಬ್ರಿಡ್ ಇನ್ವರ್ಟರ್ (ಬ್ಯಾಟರಿಯನ್ನೂ ಜೋಡಿಸಬಹುದಾದದ್ದು) ತೆಗೆದುಕೊಂಡು, ಬ್ಯಾಟರಿ ಇಡಲು ಬಿಸಿಲು ಬೀಳದ ಗೋಡೆಯವರೆಗೆ ವೈರಿಗಾಗಿ ಖಾಲಿ ಪೈಪ್ ಎಳೆಸಿಡಿ.

ದರ ಬದಲಾದ ತಿಂಗಳಲ್ಲಿ ಗೊಂದಲ ಜಾಸ್ತಿ. ದರ ಪರಿಷ್ಕರಣೆ ಸಾಮಾನ್ಯವಾಗಿ ಏಪ್ರಿಲ್ 1ರಂದು ಅಥವಾ ಅದರ ನಂತರ ಬರುವ ಮೊದಲ ಮೀಟರ್ ರೀಡಿಂಗ್ ದಿನದಿಂದ ಲಾಗೂ ಆಗುತ್ತದೆ. ರೀಡಿಂಗ್ ಏಪ್ರಿಲ್ 14ಕ್ಕೆ ಆದರೆ ಅಲ್ಲಿಯವರೆಗಿನ ಬಳಕೆ ಹಳೆಯ ದರದಲ್ಲಿ, ಹೊಸದು ಕಾಣುವುದು ಮೇ ಬಿಲ್ಲಿನಲ್ಲಿ.

ಕೊಟೇಶನ್ 30 ದಿನ ಊರ್ಜಿತ. ವರ್ಕ್ ಆರ್ಡರ್‌ಗೆ ಸಹಿ ಹಾಕುವ ಮೊದಲು ಆಯೋಗದ ಹೊಸ ಆದೇಶ ಬಂದರೆ ಲೆಕ್ಕವನ್ನು ಉಚಿತವಾಗಿ ಮತ್ತೆ ಮಾಡಿಕೊಡುತ್ತೇವೆ. ಬರುವಾಗ ಕೊನೆಯ ಮೂರು ಬಿಲ್ಲುಗಳನ್ನೂ ಮೀಟರಿನ ಫೋಟೋವನ್ನೂ ತನ್ನಿ. ಫೋಟೋದಲ್ಲಿ ಮೀಟರ್ ನಂಬರ್ ಓದುವಂತಿರಲಿ.