ಗುಂಡಿನ ಮೂತಿ ಇರಲಿ, ದಿಬ್ಬದ ಕಲ್ಲು ಆರಿಸಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ತಂಗಿಯ ಮೊಮ್ಮಗನ ಜೊತೆ ಮೈಸೂರಿನ ಹೊರಗಿರುವ ಒಂದು ಶೂಟಿಂಗ್ ರೇಂಜ್‌ಗೆ ಹೋಗಿದ್ದೆ. ಹೆಸರು ಬೇಡ. ಹುಡುಗ 25 ಮೀಟರ್ ಪಿಸ್ತೂಲ್ ಕಲಿಯುತ್ತಿದ್ದಾನೆ. ನಾನು ಹಿಂದೆ ಬೆಂಚಿನ ಮೇಲೆ ಕೂತಿದ್ದೆ. ನಾಲ್ಕನೇ ಗುಂಡಿಗೆ 'ಟಣ್' ಅಂತ ಸದ್ದಾಯಿತು. ಏನೋ ಬಂದು ನನ್ನ ಚಪ್ಪಲಿ ಪಕ್ಕ ಬಿತ್ತು. ಎತ್ತಿಕೊಂಡರೆ ಹುಣಸೆ ಬೀಜದಷ್ಟು ಸೀಸದ ತುಂಡು, ಇನ್ನೂ ಬಿಸಿ.

"ಇದು ವ್ಯಾಡ್‌ಕಟರ್ ಗುಂಡು ಸಾರ್, ಮೂತಿ ಚಪ್ಪಟೆ. ಪುಟಿಯೋದೇ ಇಲ್ಲ" ಅಂದರು ಕೋಚ್. ತುಂಡು ನನ್ನ ಅಂಗೈಯಲ್ಲೇ ಇತ್ತು!

ನಾನು ಪೊಲೀಸ್ ಇಲಾಖೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ನೋಡಿಕೊಳ್ಳುವವನಾಗಿ ನಿವೃತ್ತನಾದವನು, ಮಂಡ್ಯದವನು. ಕೋಚ್ ಹೇಳಿದ ಮಾತು ಅರ್ಧ ನಿಜ. ಮೂತಿ ಚಪ್ಪಟೆ ಮಾಡಿದ್ದೇ ಪೇಪರಿಗಾಗಿ. ದುಂಡು ಮೂತಿಯ ಗುಂಡು ಟಾರ್ಗೆಟ್ ಪೇಪರನ್ನು ಹರಿದುಕೊಂಡು ಹೋಗುತ್ತೆ. ವ್ಯಾಡ್‌ಕಟರ್ ಪಂಚಿಂಗ್ ಮೆಷಿನ್‌ನಂತೆ ಗುಂಡಗೆ ತೂತು ಹೊಡೆಯುತ್ತೆ. ಗೆರೆ ಮುಟ್ಟಿದರೂ ಒಳಗಿನ ಅಂಕ ಸಿಗುತ್ತಲ್ವಾ, ಅದಕ್ಕೇ ತೂತು ಸ್ವಚ್ಛವಾಗಿರಬೇಕು.

ಅದರಿಂದ ಇನ್ನೊಂದು ಲಾಭವೂ ಇದೆ. ವಿ.ಸಿ. ನಾಲೆಯ ನೀರಿನ ಮೇಲೆ ಕಲ್ಲು ಹಾರಿಸಿ ಆಡಿದವರಿಗೆ ಗೊತ್ತು: ಮೇಲಿಂದ ಹಾಕಿದರೆ ಮುಳುಗುತ್ತೆ, ಓರೆಯಾಗಿ ಬೀಸಿದರೆ ಹಾರುತ್ತೆ. ಗುಂಡೂ ಅಷ್ಟೇ. ನೆಲಕ್ಕೆ ಓರೆಯಾಗಿ ತಗುಲಿದಾಗ ದುಂಡು ಮೂತಿ ಜಾರಿ ಮೇಲೇಳುವುದು ಜಾಸ್ತಿ. ಚಪ್ಪಟೆ ಮೂತಿಯ ಅಂಚು ಮಣ್ಣನ್ನು ಕಚ್ಚಿಕೊಳ್ಳುತ್ತೆ. ಆದರೆ ಇದು ಮಣ್ಣಿನ ಮಾತು. ಕಲ್ಲಿಗೆ ಮೂತಿಯ ಲೆಕ್ಕ ಇಲ್ಲ. ವ್ಯಾಡ್‌ಕಟರ್‌ನ ವೇಗವೂ ಕಡಿಮೆ. ಕಲ್ಲಿಗೆ ಬಡಿದರೆ ಪೂರ್ತಿ ಪುಡಿಯಾಗದೆ, ಚಪ್ಪಟೆಯಾಗಿ ವಾಪಸ್ ಬರಬಹುದು. ನನ್ನ ಚಪ್ಪಲಿ ಹತ್ತಿರ ಬಂದದ್ದು ಹಾಗೆ.

ಆಮೇಲೆ ಟಾರ್ಗೆಟ್ ಹಿಂದೆ ಗುಂಡು ತಡೆಯಲು ಹಾಕಿದ ಮಣ್ಣಿನ ದಿಬ್ಬ ನೋಡಿದೆ. ಜೆಸಿಬಿಯಲ್ಲಿ ಸುಮ್ನೆ ಹೊಲದ ಮಣ್ಣು ಎತ್ತಿ ಸುರಿದಿದ್ದಾರೆ. ಮುಷ್ಟಿ ಗಾತ್ರದ ಕಲ್ಲುಗಳು ಹಲ್ಲು ಕಿರಿಯುತ್ತಿವೆ. ದಿಬ್ಬದ ಆಚೆ ಕಬ್ಬಿನ ಗದ್ದೆ, ಅವತ್ತು ಕಟಾವು ನಡೆದಿತ್ತು. ಅದೇ ರೇಂಜ್‌ನಲ್ಲಿ ಪಾಯಿಂಟ್ 22 ಅನ್ನುವ ಸಣ್ಣ ಗುಂಡು ಕೂಡ ಹೊಡೆಯುತ್ತಾರೆ. ಆ ಗುಂಡಿನ ತೂಕ ಎರಡೂವರೆ ಗ್ರಾಂ ಆಸುಪಾಸು. ಆದರೂ ಒಂದೂವರೆ ಕಿಲೋಮೀಟರ್ ಹೋಗಬಲ್ಲದು.

ಸರ್ವೀಸಿನಲ್ಲಿ ನಮಗೆ ದಿಬ್ಬದ ಮಣ್ಣು ಜರಡಿ ಹಿಡಿಯುವುದೇ ಒಂದು ಫಟೀಗ್ ಡ್ಯೂಟಿ, ಅಂದರೆ ಮೈಮುರಿಯುವ ಕೂಲಿ ಕೆಲಸ. ಬೈದುಕೊಂಡೇ ಮಾಡುತ್ತಿದ್ದೆವು. ಕಲ್ಲಷ್ಟೇ ಅಲ್ಲ, ಹಳೆಯ ಗುಂಡುಗಳನ್ನೂ ತೆಗೆಯಬೇಕು. ಒಂದೇ ಜಾಗದಲ್ಲಿ ಸೀಸ ಗಟ್ಟಿಯಾಗಿ ಕೂತರೆ ಅದೂ ಕಲ್ಲಿನ ಹಾಗೇ.

ಮನೆ ಹಿಂದೆ ಏರ್ ಪಿಸ್ತೂಲ್ ಹೊಡೆಯುವ ಹುಡುಗರ ತಂದೆ-ತಾಯಿಗೂ ಒಂದು ಮಾತು. ಸ್ಟೀಲ್ ಗೋಲಿ ಕೊಡಿಸಬೇಡಿ, ಗೋಡೆಗೆ ಬಡಿದು ಕಣ್ಣಿಗೇ ಬರುತ್ತೆ. ಚಪ್ಪಟೆ ಮೂತಿಯ ಸೀಸದ ಪೆಲೆಟ್ ಕೊಡಿಸಿ. ಕನ್ನಡಕ ಹಾಕಿಸಿ.

ರೇಂಜ್ ನಡೆಸುವವರು ಮುಂದಿನ ಶೂಟಿಂಗ್‌ಗೆ ಮೊದಲು ದಿಬ್ಬದ ಮುಂಭಾಗಕ್ಕೆ ಜರಡಿ ಹಿಡಿದ ಮರಳು ಹಾಕಿಸಲಿ. ಆಳು ಸಿಗದಿದ್ದರೆ ಒಂದು ಭಾನುವಾರ ನಾನೇ ಬರುತ್ತೇನೆ. ಮೊಣಕಾಲು ನೋವಿದೆ, ಕೂರಲು ಒಂದು ಸ್ಟೂಲ್ ಇಟ್ಟಿರಿ.

– ನಿವೃತ್ತ ಆರ್ಮರರ್, ಮಂಡ್ಯ